ದ್ವೀಪ ದೇಶಗಳ ಮಹಿಳೆಯರ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಸಬೇಕು: ಹೆಸರು ಹುಡುಕೋದು ಹೇಗೆ, ಆಕರ ಎಲ್ಲಿ?

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ನಮಸ್ಕಾರ. ಮಾರ್ಚ್ 8ರ ಮಹಿಳಾ ದಿನಕ್ಕೆ ನಮ್ಮ ಪದವಿ ಕಾಲೇಜಿನಲ್ಲಿ ಒಂದು ದಿನದ ವಿಕಿಪೀಡಿಯ ಸಂಪಾದನಾ ಶಿಬಿರ ಇಟ್ಟುಕೊಂಡಿದ್ದೇವೆ. 36 ವಿದ್ಯಾರ್ಥಿನಿಯರು, ಲ್ಯಾಬಿನಲ್ಲಿ ಓಡುವ ಕಂಪ್ಯೂಟರ್ 18, ಎಲ್ಲಕ್ಕೂ ಸೇರಿ ಒಂದೇ ಬ್ರಾಡ್‌ಬ್ಯಾಂಡ್. ಇಂಥ ಶಿಬಿರ ಅಂದರೆ ಕಿತ್ತೂರು ಚೆನ್ನಮ್ಮ, ಸಾವಿತ್ರಿಬಾಯಿ ಫುಲೆ ಪುಟಗಳಿಗೆ ಒಂದೊಂದು ಸಾಲು ಸೇರಿಸಿ ಗ್ರೂಪ್ ಫೋಟೊ ತೆಗೆಸಿಕೊಳ್ಳುವುದು ಅಂತಾಗಿಬಿಟ್ಟಿದೆ. ಈ ಸಲ ಇತಿಹಾಸ, ರಾಜ್ಯಶಾಸ್ತ್ರ ವಿಭಾಗದವರು ಸೇರಿ ಪೆಸಿಫಿಕ್, ಕೆರಿಬಿಯನ್, ಹಿಂದೂ ಮಹಾಸಾಗರದ ಸಣ್ಣ ದ್ವೀಪ ದೇಶಗಳ ಮಹಿಳೆಯರನ್ನು ಆರಿಸಿಕೊಂಡಿದ್ದೇವೆ.

ಕೇಳಬೇಕಾದ್ದು ಇಷ್ಟು. ಕನ್ನಡದಲ್ಲಿ ಯಾರ ಪುಟ ಇಲ್ಲ ಅನ್ನುವುದನ್ನು ಒಂದೊಂದೇ ಹೆಸರು ಹಾಕಿ ನೋಡದೆ ತಿಳಿಯುವ ದಾರಿ ಇದೆಯೇ? ಇಂಗ್ಲಿಷ್ ಪುಟದಲ್ಲೇ ಎರಡು ಅಡಿಟಿಪ್ಪಣಿ ಇರುವವರಿಗೆ ಇನ್ನಷ್ಟು ಆಕರ ಎಲ್ಲಿ ಸಿಗುತ್ತದೆ? ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು? ಫೋಟೊ ಎಲ್ಲಿಂದ ತರುವುದು? ಲೇಖನ ಹಾಕಿದ ವಾರದಲ್ಲೇ ಅಳಿಸುವಿಕೆಯ ಸೂಚನೆ ಬಿದ್ದರೆ ಹುಡುಗಿಯರಿಗೆ ಮತ್ತೆ ಆ ಕಡೆ ತಲೆ ಹಾಕುವ ಮನಸ್ಸೇ ಇರುವುದಿಲ್ಲ, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ಶಿರಾ ಗೇಟ್ (ತುಮಕೂರು)

ಮೇಡಂ, ಹುಡುಕಾಟದ ಭಾಗ ನಾನು ಹೇಳ್ತೀನಿ.

ವಿಕಿಡೇಟಾ ಅಂದ್ರೆ ಎಲ್ಲ ಭಾಷೆಯ ವಿಕಿಪೀಡಿಯಗಳಿಗೂ ಸಾಮಾನ್ಯವಾದ ಮಾಹಿತಿ ಕೋಶ. ಅದರಲ್ಲಿ ಪ್ರತಿ ವ್ಯಕ್ತಿಗೂ ಒಂದು ಕ್ಯೂ ಸಂಖ್ಯೆ, ಪ್ರತಿ ಗುಣಕ್ಕೂ ಒಂದು ಪಿ ಸಂಖ್ಯೆ ಇರುತ್ತೆ. ಪಿ21 ಅಂದ್ರೆ ಲಿಂಗ, ಪಿ27 ಅಂದ್ರೆ ಪೌರತ್ವದ ದೇಶ. ಪಿ21 ಮಹಿಳೆ (ಕ್ಯೂ6581072), ಪಿ27 ಸಮೋವಾ (ಕ್ಯೂ683), ಕನ್ನಡ ವಿಕಿಪೀಡಿಯದ ಕೊಂಡಿ ಇರಬಾರದು: ಈ ಮೂರು ಷರತ್ತು ಹಾಕಿ ವಿಕಿಡೇಟಾ ಕ್ವೆರಿ ಸರ್ವಿಸ್‌ನಲ್ಲಿ ಓಡಿಸಿದ್ರೆ ಪಟ್ಟಿ ಬರುತ್ತೆ. ದೇಶದ ಸಂಖ್ಯೆ ಬದಲಾಯಿಸಿದ್ರೆ ಆಯ್ತು: ಮಾರ್ಷಲ್ ದ್ವೀಪಗಳು ಕ್ಯೂ709, ವನುವಾಟು ಕ್ಯೂ686, ಫಿಜಿ ಕ್ಯೂ712, ಟುವಾಲು ಕ್ಯೂ672, ಮಾಲ್ಡೀವ್ಸ್ ಕ್ಯೂ826. ಜೊತೆಗೆ ಎಷ್ಟು ಭಾಷೆಯಲ್ಲಿ ಪುಟ ಇದೆ ಅನ್ನೋ ಎಣಿಕೆಯನ್ನೂ ಕೇಳಿ, ಅದರ ಪ್ರಕಾರ ಪಟ್ಟಿ ಜೋಡಿಸಿ. 5ರಿಂದ 15 ಭಾಷೆಯಲ್ಲಿರೋರು ನಿಮ್ಮ ಶಿಬಿರಕ್ಕೆ ಸರಿ. ಅದಕ್ಕಿಂತ ಕಡಿಮೆ ಇದ್ರೆ ಆಕರ ಹುಡುಕೋದರಲ್ಲೇ ಸಂಜೆ ಆಗುತ್ತೆ.

ಈಗ ತಪ್ಪೋದು ಎಲ್ಲಿ ಅಂತ. ಪಿ27 ನಂಬಿ ಕೂತ್ರೆ ಹಳೆ ತಲೆಮಾರಿನ ಅರ್ಧ ಜನ ಪಟ್ಟಿಗೇ ಬರಲ್ಲ. ಈ ದೇಶಗಳು ಸ್ವತಂತ್ರ ಆಗಿದ್ದೇ ತಡವಾಗಿ: ಸಮೋವಾ 1962, ನೌರು 1968, ಫಿಜಿ 1970, ಟುವಾಲು 1978, ಕಿರಿಬಾಸ್ 1979, ವನುವಾಟು 1980. ಅದಕ್ಕೆ ಮುಂಚೆ ಹೆಸರು ಮಾಡಿದೋರ ಪೌರತ್ವದ ಜಾಗ ಖಾಲಿ ಇರುತ್ತೆ, ಇಲ್ಲಾ ಬ್ರಿಟನ್ ಅಂತ ಇರುತ್ತೆ. ಹಾಗಾಗಿ ಹುಟ್ಟಿದ ಊರಿನ ಮೇಲೂ (ಪಿ19) ಇನ್ನೊಂದು ಸಲ ಹುಡುಕಿ. ಅದೂ ಸಾಲದು. ಐರೀನ್ ಜೈ ನಾರಾಯಣ್ ಅವರನ್ನೇ ನೋಡಿ: 1966ರಲ್ಲಿ ಫಿಜಿಯ ಶಾಸನ ಪರಿಷತ್ತಿಗೆ ಆಯ್ಕೆಯಾದೋರು, ಹುಟ್ಟಿದ್ದು ಲಖನೌದಲ್ಲಿ, ಮದುವೆಯಾಗಿ ಫಿಜಿಗೆ ಹೋದೋರು. ಕ್ಲಾಡಿಯಾ ಜೋನ್ಸ್ ಇದರ ತಿರುಗಾಮುರುಗಾ: 1915ರಲ್ಲಿ ಟ್ರಿನಿಡಾಡ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, 1955ರಲ್ಲಿ ಗಡೀಪಾರಾಗಿ, ಲಂಡನ್‌ನಲ್ಲಿ 1958ರಲ್ಲಿ ಪತ್ರಿಕೆ ಶುರು ಮಾಡಿದೋರು. ಒಬ್ಬರು ಹುಟ್ಟೂರಿನ ಬಲೆಗೆ ಬೀಳಲ್ಲ, ಇನ್ನೊಬ್ಬರು ಪೌರತ್ವದ ಬಲೆಗೆ ಬೀಳದೇ ಇರಬಹುದು. ಪೌರತ್ವ, ಹುಟ್ಟೂರು, ವಹಿಸಿದ ಹುದ್ದೆ, ಮೂರರ ಮೇಲೂ ಪಟ್ಟಿ ತೆಗೆದು ಕೂಡಿಸಿ, ಎರಡು ಸಲ ಬಂದ ಹೆಸರು ತೆಗೆದುಹಾಕಿ.

ಕ್ವೆರಿ ಬರೆಯೋಕೆ ಬೇಜಾರಾದ್ರೆ ಪೆಟ್‌ಸ್ಕ್ಯಾನ್ ಇದೆ. ಒಂದು ವರ್ಗದಲ್ಲಿರೋ ಪುಟಗಳ ಪಟ್ಟಿ ಕೊಡೋ ಉಪಕರಣ ಅದು. ಇಂಗ್ಲಿಷ್ ವರ್ಗದ ಹೆಸರು ಕೊಟ್ಟು ಆಳ (ಎಷ್ಟು ಮಟ್ಟದ ಉಪವರ್ಗದವರೆಗೆ ನೋಡಬೇಕು ಅನ್ನೋದು) 3 ಅಂತ ಇಡಿ. 5 ಇಟ್ರೆ ರಗ್ಬಿ ತಂಡ, ಚರ್ಚು, ಅಂಚೆಚೀಟಿ ಎಲ್ಲಾ ಬಂದು ಕೂತ್ಕೊಳ್ಳುತ್ತೆ.

ಪಟ್ಟಿ ಕೈಗೆ ಬಂದ ಮೇಲೂ ಪ್ರತಿ ಹೆಸರನ್ನೂ ಕನ್ನಡ ವಿಕಿಯಲ್ಲಿ ಮೂರು ನಾಲ್ಕು ಕಾಗುಣಿತದಲ್ಲಿ ಹುಡುಕಿ. ವಿಕಿಡೇಟಾಗೆ ಕೊಂಡಿ ಹಾಕದೆ ಬಿಟ್ಟ ಪುಟಗಳು ಕನ್ನಡದಲ್ಲಿ ಸಿಗ್ತಾವೆ, ಅವು ನಿಮ್ಮ ಪಟ್ಟಿಯಲ್ಲಿ 'ಇಲ್ಲ' ಅಂತಲೇ ತೋರಿಸುತ್ತೆ.

ಅಂತರಗಂಗೆ (ಕೋಲಾರ)

ಆಕರದ ವಿಚಾರ ನಾನು ಹೇಳುತ್ತೇನೆ. ಲೇಖನ ಉಳಿಯುವುದೂ ಅಳಿಯುವುದೂ ಇಲ್ಲೇ.

ಗಮನಾರ್ಹತೆಯ (ಅಂದರೆ ವಿಕಿಪೀಡಿಯದಲ್ಲಿ ಪುಟ ಇರಲು ಬೇಕಾದ ಅರ್ಹತೆಯ) ಅಳತೆ ಸರಳ: ವ್ಯಕ್ತಿಗೆ ಸಂಬಂಧವಿಲ್ಲದ, ನಂಬಬಹುದಾದ ಪ್ರಕಟಣೆಗಳು ಅವರ ಬಗ್ಗೆ ಸಾಕಷ್ಟು ವಿವರವಾಗಿ ಬರೆದಿರಬೇಕು. ಪಟ್ಟಿಯಲ್ಲಿ ಹೆಸರು ಬಂದಿದ್ದರೆ ಅದು ಲೆಕ್ಕಕ್ಕಿಲ್ಲ. ಕೆಲಸಕ್ಕೆ ಅನುಕೂಲವಾದ ಸೂತ್ರ: ಒಬ್ಬೊಬ್ಬರಿಗೂ ಕಡೇಪಕ್ಷ ಒಂದೊಂದು ಪ್ಯಾರಾ ಮೀಸಲಿಟ್ಟ ಮೂರು ಬೇರೆ ಬೇರೆ ಆಕರ ಸಿಗದಿದ್ದರೆ ಆ ಹೆಸರನ್ನು ಶಿಬಿರದ ಪಟ್ಟಿಯಿಂದ ತೆಗೆಯಿರಿ. ರಾಷ್ಟ್ರೀಯ ಸಂಸತ್ತಿನ ಸದಸ್ಯೆಯಾಗಿದ್ದರೆ ಅಷ್ಟರಿಂದಲೇ ಅರ್ಹತೆ ಬರುತ್ತದೆ. ಹಾಗಾಗಿ ಹೊಸಬರಿಗೆ ರಾಜಕಾರಣಿಗಳು ಸುಲಭ. ಕವಿ, ನರ್ಸ್, ಶಿಕ್ಷಕಿ, ಕುಶಲಕರ್ಮಿ ಇವರೆಲ್ಲ ಕಷ್ಟ. ನಿಜವಾದ ಕೊರತೆ ಇರುವುದೂ ಅವರದ್ದೇ, ಅದು ಬೇರೆ ಮಾತು.

ಎಲ್ಲಿ ಹುಡುಕಬೇಕು? ಪೆಸಿಫಿಕ್‌ಗೆ ಮೊದಲ ಬಾಗಿಲು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹ ಟ್ರೋವ್. 1930ರಲ್ಲಿ ಸಿಡ್ನಿಯಿಂದ ಶುರುವಾದ 'ಪೆಸಿಫಿಕ್ ಐಲ್ಯಾಂಡ್ಸ್ ಮಂತ್ಲಿ' ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಅಲ್ಲಿ ಪುಟಪುಟವಾಗಿ, ಪುಕ್ಕಟೆಯಾಗಿ ಓದಬಹುದು. ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್‌ನಲ್ಲಿ ಸಮೋವಾದ ಹಳೆಯ ಪತ್ರಿಕೆಗಳಿವೆ. ಇತ್ತೀಚಿನವರಿಗೆ ನ್ಯೂಜಿಲೆಂಡ್ ರೇಡಿಯೊದ ಆರ್‌ಎನ್‌ಝಡ್ ಪೆಸಿಫಿಕ್. ಕೆರಿಬಿಯನ್‌ಗೆ ಡಿಜಿಟಲ್ ಲೈಬ್ರರಿ ಆಫ್ ದಿ ಕೆರಿಬಿಯನ್. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ ಪ್ರೆಸ್ ಪೆಸಿಫಿಕ್ ರಾಜಕೀಯದ ಪುಸ್ತಕಗಳನ್ನು ಉಚಿತ ಪಿಡಿಎಫ್ ಆಗಿ ಕೊಡುತ್ತದೆ.

ಹುಡುಕುವಾಗ ಈಗಿನ ದೇಶದ ಹೆಸರು ಹಾಕಿದರೆ ಹಳೆಯ ಸಂಚಿಕೆಗಳಲ್ಲಿ ಏನೂ ಬರುವುದಿಲ್ಲ. 1980ಕ್ಕೆ ಮುಂಚೆ ವನುವಾಟು ಅಂದರೆ ನ್ಯೂ ಹೆಬ್ರಿಡೀಸ್. ಕಿರಿಬಾಸ್ ಮತ್ತು ಟುವಾಲು ಸೇರಿ ಗಿಲ್ಬರ್ಟ್ ಅಂಡ್ ಎಲಿಸ್ ದ್ವೀಪಗಳು. ಸಮೋವಾ 1997ರವರೆಗೂ ವೆಸ್ಟರ್ನ್ ಸಮೋವಾ. ಮಾರ್ಷಲ್, ಪಲಾವ್, ಮೈಕ್ರೊನೇಷ್ಯಾ ಮೂರೂ ಅಮೆರಿಕದ ಆಡಳಿತದಲ್ಲಿದ್ದ ಟ್ರಸ್ಟ್ ಟೆರಿಟರಿಯ ಹೆಸರಿನಡಿ ಸಿಗುತ್ತವೆ. ಇನ್ನೊಂದು, ಹಳೆಯ ಪತ್ರಿಕೆಗಳು ಮದುವೆಯಾದ ಹೆಂಗಸನ್ನು 'ಮಿಸೆಸ್' ಸೇರಿಸಿ ಗಂಡನ ಹೆಸರಿನಿಂದಲೇ ಕರೆದಿರುತ್ತವೆ. ಗಂಡನ ಹೆಸರು, ತವರಿನ ಹೆಸರು, ಬಿರುದು ಮೂರನ್ನೂ ಹಾಕಿ ನೋಡಿ. ಮಾರ್ಷಲ್ ದ್ವೀಪಗಳ ಆರೋಗ್ಯ ಕಾರ್ಯಕರ್ತೆ ಡಾರ್ಲೀನ್ ಕೆಜು ಕೆಲವು ಕಡೆ ಕೆಜು ಜಾನ್ಸನ್. ಅಟ್ಲಾಂಟಿಕ್ ದ್ವೀಪ ದೇಶ ಸಾವೊ ಟೊಮೆಯ ರಾಷ್ಟ್ರಗೀತೆ ಬರೆದ ಕವಯಿತ್ರಿ ಆಲ್ಡಾ ಎಸ್ಪಿರಿಟೊ ಸಾಂಟೊ (1926–2010) ಪೋರ್ಚುಗೀಸ್ ಆಕರಗಳಲ್ಲಿ ಆಲ್ಡಾ ಗ್ರಾಸಾ ಎಂದೂ ಬರುತ್ತಾರೆ.

ಯಾವ ಆಕರ ನಿಲ್ಲುವುದಿಲ್ಲ: ಸ್ವಂತ ಸಂಸ್ಥೆಯ ಜಾಲತಾಣ, ಸರ್ಕಾರದ ಪರಿಚಯ ಪುಟ, ಫೇಸ್‌ಬುಕ್, ಪ್ರಶಸ್ತಿ ಕೊಟ್ಟವರೇ ಬರೆದ ಹೊಗಳಿಕೆ. ಡಾರ್ಲೀನ್ ಕೆಜು ಅವರದು ಒಳ್ಳೆಯ ಉದಾಹರಣೆ. 1983ರಲ್ಲಿ ವ್ಯಾಂಕೂವರ್‌ನ ವಿಶ್ವ ಚರ್ಚುಗಳ ಮಂಡಳಿಯ ಸಭೆಯಲ್ಲಿ ಅಣುಪರೀಕ್ಷೆಗಳಿಂದ ತಮ್ಮ ಜನಕ್ಕಾದ ಹಾನಿಯನ್ನು ಎತ್ತಿ ಹೇಳಿದವರು, 1996ರಲ್ಲಿ ತೀರಿಕೊಂಡರು. ಅವರ ವಿವರವಾದ ಜೀವನಚರಿತ್ರೆ ಬರೆದದ್ದು ಅವರ ಗಂಡ. ಊರು, ಇಸವಿ, ಓದು ಇಂಥ ಸಂಗತಿಗೆ ಅದನ್ನು ಬಳಸಬಹುದು. ಗಮನಾರ್ಹತೆಗೆ ಅದೊಂದನ್ನೇ ತೋರಿಸಿದರೆ ಪರಿಶೀಲಕರು ಒಪ್ಪುವುದಿಲ್ಲ, ಹೊರಗಿನವರು ಬರೆದ ಎರಡು ಲೇಖನ ಪಕ್ಕಕ್ಕಿಡಬೇಕು.

'ಮೊದಲ ಮಹಿಳೆ' ಅನ್ನುವ ಮಾತಿಗೆ ವಿಶೇಷ ಎಚ್ಚರ ಬೇಕು. ಈ ಲೇಖನಗಳಲ್ಲಿ ಅತಿ ಹೆಚ್ಚು ತಪ್ಪು ಅಲ್ಲೇ ಆಗುವುದು. ಹಿಲ್ಡಾ ಹೈನೆ ಮಾರ್ಷಲ್ ದ್ವೀಪಗಳ ಮೊದಲ ಮಹಿಳಾ ಅಧ್ಯಕ್ಷೆ (2016–2020, ಮತ್ತೆ 2024ರಿಂದ), ಇದು ಸರಿ. ಅದನ್ನೇ ಹಿಗ್ಗಿಸಿ 'ಪೆಸಿಫಿಕ್ ದ್ವೀಪಗಳನ್ನು ಆಳಿದ ಮೊದಲ ಮಹಿಳೆ' ಎಂದು ಬರೆದರೆ ಟೋಂಗಾದ ರಾಣಿ ಸಾಲೋಟೆ ಎಲ್ಲಿ ಹೋದರು? 1918ರಿಂದ 1965ರವರೆಗೆ ಆಳಿದವರು. ಹೈನೆ ಅವರನ್ನು 'ಜನ ನೇರವಾಗಿ ಆರಿಸಿದರು' ಎಂಬುದೂ ತಪ್ಪು. ಅಲ್ಲಿ 33 ಸದಸ್ಯರ ಸಂಸತ್ತು ನಿಟಿಜೆಲಾ ತನ್ನೊಳಗಿಂದಲೇ ಅಧ್ಯಕ್ಷರನ್ನು ಆರಿಸುತ್ತದೆ. ವನುವಾಟು ಸಂಸತ್ತಿನ ಮೊದಲ ಮಹಿಳೆ ಎಂದು ಹಿಲ್ಡಾ ಲಿನಿ ಹೆಸರೊಂದನ್ನೇ ಬರೆಯುವವರಿದ್ದಾರೆ. 1987ರಲ್ಲಿ ಆಯ್ಕೆಯಾದವರು ಇಬ್ಬರು, ಇನ್ನೊಬ್ಬರು ಮರಿಯಾ ಕ್ರೌಬಿ. ಯಾವ ದೇಶ, ಯಾವ ಹುದ್ದೆ, ಯಾವ ಇಸವಿ, ಮೂರನ್ನೂ ಹೇಳಿ 'ಮೊದಲ' ಎಂದು ಬರೆಯಿರಿ, ಆ ವಾಕ್ಯದ ಕೊನೆಯಲ್ಲೇ ಅಡಿಟಿಪ್ಪಣಿ ಇಡಿ.

ಆಕರಗಳೇ ಒಂದಕ್ಕೊಂದು ಹೊಂದದಿದ್ದರೆ ನೀವು ತೀರ್ಪು ಕೊಡಲು ಹೋಗಬೇಡಿ. ಮಾಲ್ಡೀವ್ಸ್‌ನ ಸುಲ್ತಾನಾ ಖದೀಜಾ ಅವರ ಆಳ್ವಿಕೆ ಅರಸರ ಪಟ್ಟಿಗಳಲ್ಲಿ 1347ರಿಂದ ಶುರುವಾಗುತ್ತದೆ. ಆಕೆ ಸಿಂಹಾಸನದಲ್ಲಿದ್ದಾಗಲೇ ಅಲ್ಲಿಗೆ ಬಂದೆ ಎನ್ನುವ ಇಬ್ನ್ ಬತೂತಾನ ಪ್ರಯಾಣವನ್ನು 1343ರ ಸುಮಾರಿಗೆ ಇಡುತ್ತಾರೆ. ಎರಡನ್ನೂ ಅವರವರ ಆಕರದೊಂದಿಗೆ ಬರೆದು ಬಿಡಿ.

ತಿಪಟೂರು ಕೊಬ್ಬರಿ (ತುಮಕೂರು ಜಿಲ್ಲೆ)

ಹೆಸರಿನ ಕಾಗುಣಿತದ ಬಗ್ಗೆ. ಇಂಗ್ಲಿಷ್ ಅಕ್ಷರ ನೋಡಿ ಓದಿದ ಹಾಗೆ ಬರೆದ್ರೆ ಕೆಡ್ತೀರಿ. ಫಿಜಿ ಭಾಷೆಯಲ್ಲಿ 'ಸಿ' ಅಕ್ಷರಕ್ಕೆ ಮೆತ್ತನೆಯ 'ದ'ದ ಹತ್ತಿರದ ಉಚ್ಚಾರ, 'ಬಿ'ಗೆ 'ಂಬ', 'ಡಿ'ಗೆ 'ಂದ'. ವಿಮಾನ ನಿಲ್ದಾಣ ಇರೋ ಊರು ನಾಂದಿ, ನಾಡಿ ಅಲ್ಲ. ಸಮೋವಾದಲ್ಲಿ 'ಜಿ'ಗೆ ನಮ್ಮ 'ಙ'. ಕಿರಿಬಾಸ್‌ನಲ್ಲಿ 'ಟಿಐ' ಅಂದ್ರೆ 'ಸ್'. ಮಾರ್ಷಲ್ ಕವಯಿತ್ರಿ ಕ್ಯಾಥಿ ಜೆಟ್ಙಿಲ್ ಕಿಜಿನರ್ ಹೆಸರಲ್ಲಿರೋ ತಲೆ ಮೇಲೆ ಗೆರೆ ಎಳೆದ 'ಎನ್' ಕೂಡ 'ಙ'. ಇಂಗ್ಲಿಷ್‌ನೋರು ಒದ್ದಾಡ್ತಾರೆ, ನಮ್ಮ ಕಾಗುಣಿತದಲ್ಲಿ ಅದಕ್ಕೆ ಅಕ್ಷರ ಇದೆ. ಆಮೇಲೆ ಓದುಗರು ಹುಡುಕೋದು ತಪ್ಪು ಕಾಗುಣಿತದಲ್ಲೇ, ಅದಕ್ಕೆ ಆ ರೂಪಗಳಿಂದ ಪುನರ್ನಿರ್ದೇಶನ ಪುಟ (ಸರಿಯಾದ ಪುಟಕ್ಕೆ ತಾನಾಗೇ ಕರೆದೊಯ್ಯೋದು) ಮಾಡಿಡಿ.

ಎಲ್ಲದಕ್ಕೂ ಮನೆತನದ ಹೆಸರು ಕೊನೇಲಿ ಇರುತ್ತೆ ಅಂದ್ಕೋಬೇಡಿ. ಸಮೋವಾದ ಪ್ರಧಾನಿಯಾಗಿದ್ದ ಫಿಯಾಮೆ ನವೋಮಿ ಮತಾಫಾ ಅವರ ಹೆಸರಲ್ಲಿ 'ಫಿಯಾಮೆ' ಅನ್ನೋದು ಸಮೋವಾದ ಮತಾಯಿ ಪದವಿ, ಕುಟುಂಬದ ಮುಖ್ಯಸ್ಥರಿಗೆ ಬರೋದು. ಅಲ್ಲಿನ ಪತ್ರಿಕೆಗಳು ಅವರನ್ನ ಫಿಯಾಮೆ ಅಂತಲೇ ಕರೀತವೆ. ಲೇಖನದುದ್ದಕ್ಕೂ 'ಮತಾಫಾ ಅವರು' ಅಂತ ಬರೆದ್ರೆ ಅವರಪ್ಪ ಯಾರು, ಇವರು ಯಾರು ಅಂತ ಗೊಂದಲ. ತಂದೆ ಸಮೋವಾದ ಮೊದಲ ಪ್ರಧಾನಿ, ಅವರಿಗೂ ಫಿಯಾಮೆ ಪದವಿ ಇತ್ತು. ಅಂಥ ಕಡೆ ಪೂರ್ತಿ ಹೆಸರು ಹಾಕೋದು ವಾಸಿ.

ಕಣ್ಣಿಗೆ ಕಾಣದ ಒಂದು ತೊಂದರೆ ಇದೆ. 'ಜೋನ್ಸ್' ಮುಂದೆ 'ಗೆ' ಸೇರಿಸಿದ್ರೆ 'ಜೋನ್ಸ್ಗೆ' ಅಂತ ಒತ್ತಾಗಿ ಕೂರುತ್ತೆ. ಬಿಡಿಸೋಕೆ ನಡುವೆ ಶೂನ್ಯ ಅಗಲದ ಅಕ್ಷರ ಹಾಕ್ಬೇಕು, ಆಗ 'ಜೋನ್ಸ್‌ಗೆ' ಬರುತ್ತೆ. ಲೇಖನದ ಒಳಗೆ ಇದು ಸರಿ. ಆದ್ರೆ ಬೇರೆ ಕಡೆಯಿಂದ ಹೆಸರು ಕಾಪಿ ಮಾಡಿ ಪುಟದ ಶೀರ್ಷಿಕೆಗೆ ಹಾಕಿದಾಗ ಕೊನೇಲಿ ಆ ಅಕ್ಷರ ಅಂಟಿಕೊಂಡು ಬಂದ್ರೆ, ಕಣ್ಣಿಗೆ ಒಂದೇ ಥರ ಕಾಣೋ ಎರಡು ಶೀರ್ಷಿಕೆ ಬೇರೆ ಬೇರೆ ಪುಟ ಆಗಬಹುದು. ಶೀರ್ಷಿಕೆಯನ್ನ ಯಾವಾಗಲೂ ಕೈಯಲ್ಲೇ ಟೈಪ್ ಮಾಡಿಸಿ. ವಿಕಿಯ ಒಳಗೇ ಕನ್ನಡ ಟೈಪಿಂಗ್ ಇದೆ, ಕಂಟ್ರೋಲ್ ಜೊತೆ ಎಮ್ ಒತ್ತಿದ್ರೆ ಆನ್ ಆಫ್ ಆಗುತ್ತೆ.

ವಿಕಿಯ ಅನುವಾದ ಉಪಕರಣ ಬಳಸ್ತೀರಿ ಅಂದ್ರೆ: ಯಂತ್ರ ಕೊಟ್ಟಿದ್ದನ್ನ ತಿದ್ದದೇ ಪ್ರಕಟಿಸೋಕೆ ಹೋದ್ರೆ ಅದೇ ಎಚ್ಚರಿಸುತ್ತೆ, ಜಾಸ್ತಿ ಇದ್ರೆ ತಡೆಯುತ್ತೆ. ಶಾಸನಸಭೆ ಅನ್ನೋದು 'ಮನೆ' ಆಗಿರುತ್ತೆ, ಪ್ರತಿ ವಾಕ್ಯವೂ 'ಸೇವೆ ಸಲ್ಲಿಸಿದರು' ಅಂತ ಮುಗಿದಿರುತ್ತೆ. ಕೈಯಲ್ಲಿ ಬರೆದ 250 ಪದ ಇದಕ್ಕಿಂತ ಮೇಲು. ಅನುವಾದ ಮಾಡಿದ್ರೆ ಯಾವ ಪುಟದಿಂದ ಅನ್ನೋದನ್ನ ಸಂಪಾದನೆಯ ಸಾರಾಂಶದಲ್ಲಿ ಬರೀಲೇಬೇಕು, ಪರವಾನಗಿಯ ಷರತ್ತು ಅದು. ಪತ್ರಿಕೆಯ ಲೇಖನವನ್ನ ಸಾಲು ಸಾಲಾಗಿ ಕನ್ನಡಕ್ಕೆ ಇಳಿಸೋದು ಮಾತ್ರ ಕೃತಿಚೌರ್ಯವೇ, ಭಾಷೆ ಬದಲಾದ ಮಾತ್ರಕ್ಕೆ ತಪ್ಪಿಸಿಕೊಳ್ಳೋಕಾಗಲ್ಲ.

ನಂದಿ ತಪ್ಪಲು

ಮೂವರಿಗೂ ಧನ್ಯವಾದ. ಹಳೆಯ ದೇಶದ ಹೆಸರು ಹಾಕಿ ಹುಡುಕುವುದು ನಮಗೆ ಹೊಳೆದೇ ಇರಲಿಲ್ಲ. ಫೋಟೊ ಮತ್ತು ಲ್ಯಾಬಿನ ವ್ಯವಸ್ಥೆ ಬಗ್ಗೆ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ. ಖಾತೆಗಳನ್ನು ಅವತ್ತು ಬೆಳಿಗ್ಗೆಯೇ ಮಾಡಿಸೋಣ ಅಂದುಕೊಂಡಿದ್ದೇವೆ. 18 ಜೋಡಿ, 18 ಹೆಸರು ಎಂಬ ಲೆಕ್ಕ.

ಮುಳಬಾಗಿಲು ದೋಸೆ (ಕೋಲಾರ ಜಿಲ್ಲೆ)

ಬೆಳಿಗ್ಗೆ ಖಾತೆ ಮಾಡಿಸೋ ಯೋಚನೆ ಬಿಟ್ಟುಬಿಡಿ ಮೇಡಂ. ಒಂದು ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ) 24 ಗಂಟೆಯಲ್ಲಿ 6 ಖಾತೆ ಮಾತ್ರ ತೆರೆಯೋಕಾಗೋದು. ಇಡೀ ಲ್ಯಾಬಿಗೆ ಒಂದೇ ಬ್ರಾಡ್‌ಬ್ಯಾಂಡ್ ಅಂದ್ರೆ ಹೊರಗಿನಿಂದ ನೋಡೋರಿಗೆ ಒಂದೇ ಐಪಿ. ಏಳನೇ ಹುಡುಗಿಗೆ ಖಾತೆ ಆಗಲ್ಲ ಅನ್ನೋ ಸಂದೇಶ ಬರುತ್ತೆ, ಉಳಿದ 30 ಜನ ಕೈಕಟ್ಟಿ ಕೂರ್ತಾರೆ. ವಾರ ಮುಂಚೆ ಎಲ್ಲರೂ ಮನೆಯಿಂದ ಅವರವರ ಮೊಬೈಲಲ್ಲೇ ಖಾತೆ ತೆರೆಯಲಿ, ಇಮೇಲ್ ಕೊಟ್ಟು ದೃಢಪಡಿಸಲಿ (ಪಾಸ್‌ವರ್ಡ್ ಮರೆತು ಬರೋರು ನಾಲ್ಕು ಜನ ಇದ್ದೇ ಇರ್ತಾರೆ). ಮೊಬೈಲ್ ಕಂಪನಿಗಳ ಕೆಲವು ಐಪಿ ಶ್ರೇಣಿಗಳನ್ನೇ ವಿಕಿ ತಡೆದಿರುತ್ತೆ. ಹಾಗಾದ್ರೆ ಬೇರೆ ಸಂಪರ್ಕದಿಂದ ಪ್ರಯತ್ನಿಸಲಿ. ಕನ್ನಡ ವಿಕಿಯ ಚರ್ಚಾ ಪುಟ ಅರಳಿ ಕಟ್ಟೆಯಲ್ಲಿ ಶಿಬಿರದ ತಾರೀಕು, ಕಾಲೇಜಿನ ಊರು, ಹೆಸರುಗಳ ಪಟ್ಟಿ ಹಾಕಿ ಮೊದಲೇ ತಿಳಿಸಿ. ಮಿತಿ ಸಡಿಲಿಸೋ ವ್ಯವಸ್ಥೆ ಇದೆ, ಆದ್ರೆ ಹಿಂದಿನ ದಿನ ಕೇಳಿದ್ರೆ ಆಗಲ್ಲ. ಪಟ್ಟಿ ಮುಂಚೆ ಹಾಕಿದ್ರೆ ಇನ್ನೊಂದು ಲಾಭ: ಅಳಿಸೋ ಸೂಚನೆ ಹಾಕೋ ಮುಂಚೆ ನಿರ್ವಾಹಕರು ನಿಮ್ಮನ್ನೇ ಕೇಳ್ತಾರೆ.

ಇಬ್ಬರು ಒಂದೇ ಖಾತೆ ಹಂಚಿಕೊಳ್ಳೋದು ನಿಯಮಕ್ಕೆ ವಿರುದ್ಧ. ಇಬ್ಬರು ಎರಡು ಕಂಪ್ಯೂಟರಿಂದ ಒಂದೇ ಪುಟ ತೆರೆದು ಉಳಿಸಿದ್ರೆ ಸಂಪಾದನೆ ಸಂಘರ್ಷ, ಒಬ್ಬರು ಬರೆದದ್ದು ಹೋಗುತ್ತೆ. ಅದಕ್ಕೆ 18 ಹೆಸರು ಬೇಡ, 9 ಸಾಕು. ಒಂದು ಜೋಡಿ ಬರೀಲಿ, ಪಕ್ಕದ ಜೋಡಿ ಆಕರ ತೆರೆದುಕೊಂಡು ಪ್ರತಿ ಇಸವಿ ತಾಳೆ ನೋಡ್ಲಿ. ಬರೆಯೋದು ಪ್ರಯೋಗಪುಟದಲ್ಲಿ (ಖಾತೆಯ ಕರಡು ಪುಟ). ಕರೆಂಟಿನ ಕಥೆ ಗೊತ್ತಲ್ಲ, ಯುಪಿಎಸ್ ನಂಬಬೇಡಿ, 15 ನಿಮಿಷಕ್ಕೊಂದು ಸಲ ಉಳಿಸಿ. ಊಟ ಆದ ಮೇಲೆ ಲೇಖನದ ಪುಟವಾಗಿ ಸಾಗಿಸಿ, ವಿಕಿಡೇಟಾದಲ್ಲಿ ಕನ್ನಡ ಹೆಸರು ಮತ್ತು ಪುಟದ ಕೊಂಡಿ ಸೇರಿಸಿ, ಆ ದೇಶದ ಕನ್ನಡ ಪುಟದಿಂದ ಹೊಸ ಪುಟಕ್ಕೆ ಕಡೇಪಕ್ಷ ಒಂದು ಕೊಂಡಿ ಕೊಡಿ. ಈ ಮೂರು ಮಾಡದೇ ಬಿಟ್ಟ ಪುಟ ಅನಾಥ, ಮುಂದಿನ ವರ್ಷ ಇನ್ಯಾವುದೋ ಕಾಲೇಜು ಅದೇ ಹೆಸರನ್ನ ಮತ್ತೆ ಬರೀತದೆ.

ಫೋಟೊ: ಗೂಗಲ್‌ನಿಂದ ಇಳಿಸಿ ಹಾಕಿದ್ರೆ ವಿಕಿಯ ಚಿತ್ರಭಂಡಾರವಾದ ಕಾಮನ್ಸ್‌ನಲ್ಲಿ ಅಳಿಸ್ತಾರೆ, ಖಾತೆ ಮೇಲೆ ಎಚ್ಚರಿಕೆ ಬೀಳುತ್ತೆ. ವಿಶ್ವಸಂಸ್ಥೆಯ ಫೋಟೊಗಳೂ ಮುಕ್ತ ಅಲ್ಲ. ಅಮೆರಿಕ ಸರ್ಕಾರದ ನೌಕರರು ಕೆಲಸದ ಭಾಗವಾಗಿ ತೆಗೆದ ಚಿತ್ರಗಳು ಸಾರ್ವಜನಿಕ ಸ್ವತ್ತು, ಅಲ್ಲಿನ ವಿದೇಶಾಂಗ ಇಲಾಖೆಯ ಸಭೆಗಳ ಚಿತ್ರ ನೋಡಿ. ಜನಕ್ಕೆ ಹೊಳೆಯದ ಇನ್ನೊಂದು ಜಾಗ ತೈವಾನ್ ಅಧ್ಯಕ್ಷರ ಕಚೇರಿಯ ಫ್ಲಿಕರ್ ಖಾತೆ. ಮಾರ್ಷಲ್, ಪಲಾವ್, ಟುವಾಲು ದೇಶಗಳಿಗೆ ತೈವಾನ್ ಜೊತೆ ರಾಜತಾಂತ್ರಿಕ ಸಂಬಂಧ ಇರೋದ್ರಿಂದ ಅಲ್ಲಿನ ನಾಯಕಿಯರು ತೈಪೆಗೆ ಹೋದಾಗಿನ ಚಿತ್ರಗಳು ಮುಕ್ತ ಪರವಾನಗಿಯಲ್ಲಿ ಸಿಗ್ತವೆ. ಪ್ರತಿ ಚಿತ್ರದ ಕೆಳಗಿನ ಪರವಾನಗಿ ಓದಿ: 'ವಾಣಿಜ್ಯ ಬಳಕೆ ಇಲ್ಲ', 'ಬದಲಾವಣೆ ಇಲ್ಲ' ಅಂತಿದ್ರೆ ಕಾಮನ್ಸ್ ತಗೊಳ್ಳಲ್ಲ. ಫೋಟೊ ಸಿಗದಿದ್ರೆ ಬಿಡಿ, ಫೋಟೊ ಇಲ್ಲ ಅಂತ ಯಾವ ಲೇಖನವನ್ನೂ ಅಳಿಸಲ್ಲ.

ಅಂತರಗಂಗೆ

9 ಹೆಸರು ಅನ್ನುವುದಕ್ಕೆ ನನ್ನ ಸಹಮತ. ಒಂದು ಹೆಸರು ನನ್ನ ಕಡೆಯಿಂದ: ಟ್ರಿನಿಡಾಡ್‌ನ ಆಡ್ರಿ ಜೆಫರ್ಸ್. 1921ರಲ್ಲಿ ಸಮಾಜಸೇವಕಿಯರ ಸಂಘ ಕಟ್ಟಿದರು, 1936ರಲ್ಲಿ ಪೋರ್ಟ್ ಆಫ್ ಸ್ಪೇನ್ ನಗರಸಭೆಗೆ ಆಯ್ಕೆಯಾದ ಮೊದಲ ಮಹಿಳೆ. ಅವರ ಸಂಘ ಬಡ ಶಾಲಾಮಕ್ಕಳಿಗೆ ಊಟ ಹಾಕುವ ಶೆಡ್‌ಗಳನ್ನು ನಡೆಸುತ್ತಿತ್ತು. ಬಿಸಿಯೂಟ ಉಂಡು ಬೆಳೆದ ನಮ್ಮ ಹುಡುಗಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆರಿಬಿಯನ್ ಡಿಜಿಟಲ್ ಲೈಬ್ರರಿಯಿಂದ ಹುಡುಕಾಟ ಶುರು ಮಾಡಿ.

ಪೀಠಿಕೆಯಲ್ಲಿ ಕೆಲಸ ಮೊದಲು ಬರಲಿ. ಹಿಲ್ಡಾ ಲಿನಿ ವನುವಾಟುವಿನ ಮೊದಲ ಪ್ರಧಾನಿ ವಾಲ್ಟರ್ ಲಿನಿಯ ತಂಗಿ, ಕ್ಯಾಥಿ ಜೆಟ್ಙಿಲ್ ಕಿಜಿನರ್ ಹಿಲ್ಡಾ ಹೈನೆಯ ಮಗಳು. ಎರಡೂ ನಿಜ, ಎರಡೂ 'ವೈಯಕ್ತಿಕ ಜೀವನ'ದ ಭಾಗಕ್ಕೆ ಸೇರಿದವು. ಕ್ಯಾಥಿ ಅವರ ಪೀಠಿಕೆಗೆ 2014ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯಲ್ಲಿ ಕವಿತೆ ಓದಿದ್ದು ಸಾಕು.

ಶಿರಾ ಗೇಟ್

ಬದುಕಿರೋರ ಪುಟಗಳಲ್ಲಿ 'ಪ್ರಸ್ತುತ', 'ಈಗಿನ' ಅನ್ನೋ ಪದ ಬಳಸಬೇಡಿ ಅಂತ ಬೋರ್ಡ್ ಮೇಲೆ ಬರೆದುಬಿಡಿ. ಫಿಯಾಮೆ 2021ರಲ್ಲಿ ಪ್ರಧಾನಿಯಾದ್ರು. ಆಗ ಸಂಸತ್ತಿನ ಬಾಗಿಲು ಹಾಕಿದ್ರು ಅಂತ ಮೇ 24ರಂದು ಹೊರಗೆ ಟೆಂಟ್ ಹಾಕಿ ಪ್ರಮಾಣ ಸ್ವೀಕಾರ ಆಯ್ತು, ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಸರ್ಕಾರ ಸರಿ ಅಂತು. 2025ರ ಆಗಸ್ಟ್ ಚುನಾವಣೆ ಆದ ಮೇಲೆ ಸೆಪ್ಟೆಂಬರಲ್ಲಿ ಅಧಿಕಾರ ಬಿಟ್ರು. ಹಳೆ ಅನುವಾದ ಇಟ್ಟುಕೊಂಡು ಬರೆದ್ರೆ ಇವತ್ತೂ ಪ್ರಧಾನಿ ಅಂತಲೇ ಉಳಿಯುತ್ತೆ. '2021ರಿಂದ 2025ರವರೆಗೆ' ಅಂತ ಬರೆಸಿ. ಹಿಲ್ಡಾ ಹೈನೆ ಪುಟದಲ್ಲೂ '2024ರ ಜನವರಿಯಿಂದ' ಅಂತ ಹಾಕಿ, ಆ ವಾಕ್ಯಕ್ಕೆ ಅಡಿಟಿಪ್ಪಣಿ ಕೊಡುವಾಗ ನೋಡಿದ ದಿನಾಂಕವನ್ನೂ ತುಂಬಿಸಿ.